ದೇವಗಡದಲ್ಲಿ ನಾನು ದೋಣಿ ಕಟ್ಟಿದ್ದು

ಈ ಸಲ ಹಾಯಿದೋಣಿಯ ಚುಕ್ಕಾಣಿ ಹಿಡಿಯದೆ ಸೊಲ್ಲಾಪುರಕ್ಕೆ ಮರಳಿ ಕಾಲಿಡುವುದಿಲ್ಲ ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ್ದೆ! ಬ್ಯಾಂಕಿನ ಕೌಂಟರಿನಲ್ಲಿ ಕೂತು ಪಿಂಚಣಿದಾರರ ನೂಕುನುಗ್ಗಲು ತಡೆದವನಿಗೆ ಅರಬ್ಬಿ ಸಮುದ್ರ ಯಾವ ಮಹಾ?

ದೋಣಿ ನನ್ನ ಹೆಂಡತಿ ಮಂದಾಕಿನಿಯ ತಮ್ಮ ಶೈಲೇಶನದು. ಅಕ್ಕಲಕೋಟದಲ್ಲಿ ಅವನಿಗೆ ಬಟ್ಟೆ ಅಂಗಡಿ, ತಲೆಯಲ್ಲಿ ಮಾತ್ರ ಸಮುದ್ರದ ಹುಚ್ಚು. ರತ್ನಾಗಿರಿಯಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು, ದಂಡೆಯಗುಂಟ ಊರೂರಿಗೆ ನಿಲ್ಲುತ್ತ ದಕ್ಷಿಣಕ್ಕೆ ಹೊರಟಿದ್ದ. ದೇವಗಡ ಮುಟ್ಟಿದಾಗ ನೀರು ಬಂದರಿನ ಕಟ್ಟೆಯ ಅಂಚಿನವರೆಗೂ ತುಂಬಿ ತುಳುಕುತ್ತಿತ್ತು.

"ದಾಜಿ, ಹಾಯಿ ಹರದದ, ಹೊಲಿಸ್ಕೊಂಡು ಬರ್ತೀನಿ. ಸಂಜೀತನಕಾ ದೋಣಿ ಸಂಭಾಳಸ್ರಿ. ಸಂಭಾಳಿಸಿದ್ರ ನಾಳಿ ಚುಕ್ಕಾಣಿ ನಿಮ್ಮ ಕೈಯಾಗ! ಹಗ್ಗ ಅಷ್ಟ ಸಡಲ ಬಿಡ್ರಿ" ಎಂದು ಭಾವನಾದ ನನಗೆ ಹೇಳಿ ಶೈಲೇಶ ಪೇಟೆಗೆ ಹೋದ.

ಸಡಲವೇ? ಬೋರಾಮಣಿಯಲ್ಲಿ ನಮ್ಮಜ್ಜನ ಎತ್ತು ಹಗ್ಗ ಸಡಲಾಗಿಯೇ ನೆರೆಯವರ ಜೋಳ ಮೇಯ್ದು, ಊರೆಲ್ಲ ಪಂಚಾಯ್ತಿ ಮಾಡಿಸಿತ್ತು. ನಾನು ಹಗ್ಗವನ್ನು ಜಗ್ಗಿ, ಗೇಣುದ್ದ ಮಾಡಿ, ಕಟ್ಟೆಯ ಗೂಟಕ್ಕೆ ಬಿಗಿದೆ.

"ಶೈಲ್ಯಾ ಸಡಲ ಬಿಡು ಅಂದಾನಲ್ರೀ?" ಎಂದಳು ಮಂದಾಕಿನಿ.

"ಅಂವಗೇನ್ ಗೊತ್ತು? ಎತ್ತಿನ ಗಂಟು ಹಾಕೀನಿ. ದೋಣಿ ಅಲ್ಲ, ಅದರಪ್ಪನೂ ಅಲ್ಲಾಡೂದಿಲ್ಲ!"

ಆಮೇಲಿನ ಸುಖ ಏನು ಹೇಳಲಿ! ತೆಂಗಿನ ನೆರಳಲ್ಲಿ ಸೊಲ್ಲಾಪುರದ ಚಾದರ ಹಾಸಿ, ಕಡಕ್ ಭಕ್ಕರಿ, ಶೇಂಗಾ ಚಟ್ನಿ, ಮೊಸರು ಹೊಡೆದು ಅಡ್ಡಾದೆವು. ಉಪ್ಪುಗಾಳಿ ಮೆಲ್ಲಗೆ ಕಣ್ಣು ಮುಚ್ಚಿಸಿತು. ಅಲೆಗಳ ಸದ್ದು ದೂರ, ದೂರ ಸರಿಯಿತು. ಕನಸಿನಲ್ಲಿ ನಾನು ಸೊಲ್ಲಾಪುರದ ನವಿ ಪೇಠದಲ್ಲೇ ದೋಣಿ ನಡೆಸುತ್ತಿದ್ದೆ. ಎರಡೂ ಬದಿಯ ಅಂಗಡಿಯವರು ಎದ್ದು ಕೈಮುಗಿಯುತ್ತಿದ್ದರು. ನಮ್ಮ ಮ್ಯಾನೇಜರ್ ಸಾಹೇಬರು ಮೊಣಕಾಲು ನೀರಲ್ಲಿ ಹಾರ ಹಿಡಿದು ನಿಂತಿದ್ದರು!

"ರೀ, ಏಳ್ರೀ! ದೋಣಿ ನೋಡ್ರೀ!"

ನೋಡಿದೆ. ಸಮುದ್ರವೇ ಇಲ್ಲ! ನೀರಿದ್ದಲ್ಲಿ ಕೆಸರು, ಕೆಸರಿನ ಮೇಲೆ ಏಡಿಗಳ ವಾಯುವಿಹಾರ. ನಮ್ಮ ದೋಣಿ ಮೂತಿ ಮೇಲೆ ಮಾಡಿ ಗೂಟಕ್ಕೆ ನೇತುಬಿದ್ದಿತ್ತು, ಬಾಲ ಕೆಸರಿನಲ್ಲಿತ್ತು.

"ಯಾರೋ ನೀರು ಬಿಟ್ಟಾರ! ಉಜನಿ ಡ್ಯಾಮಿನ ಬಾಗಲಾ ತಗದಂಗ!"

"ಸಮುದ್ರಕ್ಕ ಎಲ್ಲೀ ಬಾಗಲಾರೀ? ಇಳತದ ಹೊತ್ತು. ತಿರುಗಿ ಬರ್ತದ, ತಡೀರಿ."

"ಯಾವಾಗ? ನಮ್ಮ ಮನೀ ನಳದ ನೀರು ಹೋದ್ರ ನಾಕ್ ದಿನಾ ಪತ್ತೇ ಇರೂದಿಲ್ಲ!"

ಗಂಟು ಬಿಚ್ಚಲು ಹೋದೆ. ಇಡೀ ದೋಣಿಯ ಭಾರ ಬಿದ್ದು ಅದು ಕಲ್ಲಾಗಿತ್ತು. "ಸೌತಿಕಾಯಿ ಹೆಚ್ಚೂ ಚೂರಿ ತಾ!" ಎಂದೆ.

"ಕೊಯ್ದ್ರ ಧಪ್ಪಂತ ಬಿದ್ದು ಒಡೀತದ್ರೀ! ಅದರಾಗ ಶೈಲ್ಯಾನ ಜೀವಾ ಅದ!"

ಚುಕ್ಕಾಣಿ ಹೋದರೆ ಹೋಗಲಿ, ದೋಣಿ ಮುರಿದರೆ ಅತ್ತೆಮನೆಯಲ್ಲಿ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ಹಾಯಿ ಹೆಗಲೇರಿಸಿಕೊಂಡು ಶೈಲೇಶ ಬಂದೇಬಿಟ್ಟ. "ದಾಜಿ, ಇದೇನ್ರೀ?"

"ಬುಡಾ ತಿಕ್ಕೂಣಂತ ಮ್ಯಾಲ ಎತ್ತೀನಿ!" ಎಂದುಬಿಟ್ಟಿತು ನನ್ನ ನಾಲಿಗೆ.

ಅವನು ನಗಲಿಲ್ಲ. ಇನ್ನೊಂದು ಹಗ್ಗದ ಆಸರೆ ಕೊಟ್ಟು, ನನ್ನ ಗಂಟು ಕೊಯ್ದು, ದೋಣಿಯನ್ನು ಮೆಲ್ಲಗೆ ಇಳಿಸಿದ. ಅದು ಒಂದು ಮಗ್ಗುಲಾಗಿ ಕೆಸರಲ್ಲಿ ಮಲಗಿತು. ಒಡೆದಿರಲಿಲ್ಲ, ದೇವರು ದೊಡ್ಡವನು! ಶೈಲೇಶ ಒಂದು ಬ್ರಶ್ ತಂದು ನನ್ನ ಕೈಗಿಟ್ಟ.

"ಹಂಗಾದ್ರ ತಿಕ್ರಿ."

ಮೊಣಕಾಲು ಕೆಸರಿನಲ್ಲಿ ನಿಂತು, ಬುಡಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದೆ, ಕೆರೆದೆ, ಸೊಂಟ ಬೀಳುವವರೆಗೂ ಕೆರೆದೆ. ಮಂದಾಕಿನಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಎಳನೀರು ಹೀರುತ್ತ, "ಎಷ್ಟ್ ಆರಾಮ ಊರ ಅದಲ್ರೀ!" ಎಂದಳು. ಕೆಂಪು ಸಂಜೆಯಲ್ಲಿ ನೀರು ಸದ್ದಿಲ್ಲದೆ ಬಂದು ನನ್ನ ಕಾಲು ತೊಳೆದು, ದೋಣಿಯನ್ನು ಹಗುರಾಗಿ ಎತ್ತಿಕೊಂಡಿತು. ಆ ಚೆಲುವಿಗೆ ಸೊಂಟನೋವನ್ನೇ ಮರೆತೆ.

ಮರುದಿನ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು ಚುಕ್ಕಾಣಿಯ ಪಕ್ಕ ಹೋಗಿ ಕೂತೆ. ಆಸೆ ನೋಡಿ!

"ಅಕ್ಕಾ, ಬಾ, ನೀ ಹಿಡಿ" ಎಂದ ಶೈಲೇಶ.

ನಾನು ಸರಿದು ಜಾಗ ಬಿಟ್ಟೆ. ಹಾಯಿ ಗಾಳಿ ತುಂಬಿಕೊಂಡಿತು. ಮಂದಾಕಿನಿ ಸೆರಗು ಬಿಗಿದು, ಚುಕ್ಕಾಣಿ ಹಿಡಿದು, ದಿಗಂತ ನೋಡುತ್ತ ಹೇಳಿದಳು:

"ಶೈಲ್ಯಾ, ಮುಂದಿನ ಊರಾಗೂ ಇಳತದ ಹೊತ್ತಿಗೇ ನಿಲ್ಲಸೂಣು. ನಿಮ್ಮ ದಾಜಿಗೆ ದೋಣೀದು ಇನ್ನೊಂದು ಮಗ್ಗಲಾ ತಿಕ್ಕೂದು ಉಳದದ!"