ಅಳಿಯ ಅತ್ತದ್ದು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಆ ಮನುಷ್ಯನಿಗೆ ಬಂದ ಕಷ್ಟಕ್ಕೆಲ್ಲ ಮೂಲ ಅವನ ಎಡಗಾಲಿನ ಹೆಬ್ಬೆರಳು. ಉಗುರು ಒಳಕ್ಕೆ ಬೆಳೆದು ಬಾತುಕೊಂಡಿದ್ದ ಆ ಬೆರಳಿನ ಮೇಲೆ, ಸಿನಿಮಾ ಮಂದಿರದ ಕತ್ತಲಲ್ಲಿ, ಅವನ ಅತ್ತೆ ನಿಂತುಬಿಟ್ಟರು.

ಬೇಕೆಂದು ನಿಂತದ್ದಲ್ಲ, ಪಾಪ. ಸಿನಿಮಾ ಅಂಥದ್ದು. ಊರಿಗೆ ಊರೇ ಕರವಸ್ತ್ರ ಹಿಡಿದು ಹೋಗಿ ನೋಡುತ್ತಿದ್ದ ಚಿತ್ರ. ಮಕ್ಕಳಿಲ್ಲದ ಗಂಡಹೆಂಡತಿ ಒಂದು ರೋಬೋಟ್ ಮಗುವನ್ನು ತಂದು ಸಾಕುತ್ತಾರೆ. ಅವರಿಗೆ ವಯಸ್ಸಾಗುತ್ತದೆ, ಮಗುವಿಗೆ ಆಗುವುದಿಲ್ಲ. ಆದರೆ ಅದರ ತಲೆಯೊಳಗಿನ ಯಂತ್ರ ಹಳತಾಗಿ ನೆನಪು ಹಿಡಿಯುವ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಕೊನೆಗೆ ಆ ಮಗು ತನಗೆ ಗೊತ್ತಿರುವ ಮಾತುಗಳನ್ನೆಲ್ಲ ಒಂದೊಂದಾಗಿ ತಾನೇ ಅಳಿಸಿಹಾಕುತ್ತದೆ, 'ಅಮ್ಮ' ಅನ್ನುವ ಒಂದು ಮಾತಿಗೆ ಜಾಗ ಉಳಿಯಲಿ ಎಂದು. ಈ ಘಟ್ಟಕ್ಕೆ ಬಂದಾಗ ಅತ್ತೆಗೆ ಕೂತು ನೋಡಲು ಆಗಲಿಲ್ಲ. ಎದ್ದರು. ಎದೆಯ ಮೇಲೆ ಕೈ ಇಟ್ಟುಕೊಂಡು, ಗಟ್ಟಿ ಹಿಮ್ಮಡಿಯ ಚಪ್ಪಲಿಯನ್ನು ಅಳಿಯನ ಹೆಬ್ಬೆರಳ ಮೇಲೆ ಊರಿ, ದೃಶ್ಯ ಮುಗಿಯುವವರೆಗೂ ಅಲ್ಲಾಡಲಿಲ್ಲ. ಅತ್ತೆ ಎಲ್ಲ ರೀತಿಯಲ್ಲೂ ತೂಕದ ಮನುಷ್ಯೆ.

ಕಿರುಚೋಣವೆಂದರೆ ಇಡೀ ಮಂದಿರ ಉಸಿರು ಬಿಗಿಹಿಡಿದು ಕೂತಿದೆ. ಕಾಲು ಎಳೆದುಕೊಳ್ಳೋಣವೆಂದರೆ ಅತ್ತೆ ಮುಂದಿನ ಸಾಲಿನವರ ಮೇಲೆ ಬೀಳುತ್ತಾರೆ. ಅವನು ಹಲ್ಲು ಕಚ್ಚಿಕೊಂಡ. ಕಣ್ಣಿಂದ ನೀರು ದಳದಳನೆ ಇಳಿಯಿತು. ದೀಪ ಹತ್ತಿದಾಗ ಹೆಂಡತಿ ಅವನ ಮುಖ ನೋಡಿ ಬೆಚ್ಚಿಬಿದ್ದಳು.

"ಏನಾಯ್ತು ರೀ?"

"ಅತ್ತೆ..." ಅಂದ. ಅತ್ತೆ ಕಾಲು ತುಳಿದರು ಅನ್ನಬೇಕೆಂದಿದ್ದ. ಬೆರಳು ಚುಳ್ಳೆಂದು ಮಾತು ಅಲ್ಲಿಗೇ ತುಂಡಾಯಿತು.

ಹೆಂಡತಿ ಅವನ ಕೈ ಹಿಡಿದುಕೊಂಡಳು. "ನಾನೂ ಅತ್ತೆ ರೀ," ಅಂದಳು.

ಹೆಂಡತಿಯ ತಾಯಿಗೂ ಗಂಡನ ಕಣ್ಣೀರಿಗೂ ಒಂದೇ ಮಾತು ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನೂ ಯಾರದೋ ಮನೆಯ ಅಳಿಯನೇ ಆಗಿದ್ದಿರಬೇಕು.

ಇವನಿಗೆ ಮನೆಯಲ್ಲಿ ಕಂಬ ಅಂತ ಹೆಸರು. ಇಟ್ಟವರು ತೀರಿಹೋದ ಮಾವ. ಸಿಟ್ಟು ಬರಲಿ, ಸಂತೋಷ ಬರಲಿ, ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿರಲಿಲ್ಲ. ಆ ಮಾವ ಹೋದ ದಿನ ಮನೆಮಂದಿಯೆಲ್ಲ ಗೋಳಾಡುತ್ತಿದ್ದರೆ ಇವನು ಒಣಗಿದ ಕಣ್ಣಲ್ಲಿ ಬಂದವರಿಗೆ ಕುರ್ಚಿ ಹಾಕುತ್ತಾ ಓಡಾಡಿದ್ದ. ಹೆಂಡತಿ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಮರೆತೂ ಇರಲಿಲ್ಲ.

ಬೆಳಗ್ಗೆ ಕಾಫಿ ತಾನಾಗಿಯೇ ಅವನ ಕೈಗೆ ಬಂತು. ಹೆಂಡತಿ ಪಕ್ಕದಲ್ಲಿ ಕೂತಳು. ಅವನು ಲೋಟ ಕೆಳಗಿಡುವಷ್ಟರಲ್ಲಿ ಅವನು ಅತ್ತ ಸುದ್ದಿ ಮೆಟ್ಟಿಲಿಳಿದು ಬೀದಿಗೆ ಹೋಗಿತ್ತು.

ಮೊದಲು ಬಂದವಳು ಕೆಳಮನೆಯ ಹೊಲಿಗೆಯಕ್ಕ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಳು.

"ನಿಮ್ಮಂಥ ಮನಸ್ಸಿನವರ ಹತ್ರ ಮಾತ್ರ ಹೇಳಬಹುದು ನೋಡಿ. ನನ್ನ ಹಳೇ ಮಷೀನು ಕೊಟ್ಟು ಹೊಸದು ತಗೋಬೇಕು ಅಂತಿದ್ದೆ. ಸಿನಿಮಾ ನೋಡಿದ ಮೇಲೆ ಕೈಯೇ ಬರ್ತಿಲ್ಲ. ನಿನ್ನೆ ಅದು ಕಿರ್ರ್ ಅಂದಾಗ ಎದೆ ಝಲ್ ಅಂತು. ಅದಕ್ಕೂ ಏನಾದ್ರೂ ಅನ್ನಿಸ್ತಾ ಇರುತ್ತಾ?"

"ಎಣ್ಣೆ ಬಿಡಿ, ಸರಿಹೋಗುತ್ತೆ," ಅಂದ ಕಂಬ.

ಹೊಲಿಗೆಯಕ್ಕನ ಕಣ್ಣು ತುಂಬಿತು. "ನೋಡಿದ್ಯಾ," ಅಂತ ಹೆಂಡತಿಯ ಕಡೆ ತಿರುಗಿದಳು, "ಬೈದು ಮಾತಾಡಲಿಲ್ಲ. ಉಪಚಾರ ಮಾಡಿ ಅಂತಾರೆ."

ಅವಳ ಹಿಂದೆಯೇ ಎದುರುಮನೆಯ ನಿವೃತ್ತ ಮೇಷ್ಟರು ಬಂದರು. ಅವರ ಕಂಕುಳಲ್ಲಿ ರೆಕ್ಕೆ ಮುರಿದ ಒಂದು ಟೇಬಲ್ ಫ್ಯಾನು. ಗುಜರಿಗೆ ಹಾಕಬೇಕೆಂದು ಬಾಗಿಲವರೆಗೂ ಒಯ್ದರಂತೆ, ಅದು ಕತ್ತು ಬಗ್ಗಿಸಿ ತಮ್ಮನ್ನೇ ನೋಡಿದ ಹಾಗಾಯಿತಂತೆ.

"ಇದು ನಿಮ್ಮ ಹತ್ರ ಇದ್ರೆ ನಂಗೆ ನಿಶ್ಚಿಂತೆ," ಅಂದರು ಮೇಷ್ಟರು, ಮಗಳನ್ನು ಒಪ್ಪಿಸಿಕೊಡುವವರ ಹಾಗೆ.

"ಮೇಷ್ಟ್ರೇ, ನಮ್ಮನೇಲಿ ಜಾಗ..."

"ಮನಸ್ಸಿದ್ದ ಕಡೆ ಜಾಗ ಇದ್ದೇ ಇರುತ್ತೆ. ಪಾಠ ಮಾಡಿದವನು ನಾನು, ನಂಗೊತ್ತು."

ಅತ್ತೆ ಒಳಗಿಂದ ಬಂದು ಫ್ಯಾನನ್ನು ನೋಡಿ, ಅದು ಈ ಮನೆಯಲ್ಲಿ ಇರಕೂಡದೆಂದು ಒಂದೇ ಮಾತಲ್ಲಿ ಹೇಳಿದರು. ಯಂತ್ರದ ಮೇಲೆ ಅವರಿಗೆ ಮರುಕವೇನೋ ಇತ್ತು, ಪರದೆಯ ಮೇಲಿದ್ದರೆ. ಹೀಗಾಗಿ ಕಂಬ ಆ ಫ್ಯಾನನ್ನು ಹೊತ್ತುಕೊಂಡೇ ಕೆಲಸಕ್ಕೆ ಹೊರಡಬೇಕಾಯಿತು. ಹೆಬ್ಬೆರಳು ನೆಲಕ್ಕೆ ತಾಗದಂತೆ ಕುಂಟುತ್ತಾ ನಡೆದ. ದಾರಿಯಲ್ಲಿ ಕಂಡವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೋ ಮೆಲ್ಲಗೆ, "ಪಾಪ, ದುಃಖ ಇನ್ನೂ ಇಳಿದಿಲ್ಲ," ಅಂದದ್ದು ಅವನ ಕಿವಿಗೂ ಬಿತ್ತು.

ತಡವಾಗಿ ಬಂದವನನ್ನು ಅಂಗಡಿಯ ಯಜಮಾನರು ಬೈಯಲಿಲ್ಲ. ಆಗಲೇ ಇವನಿಗೆ ಹೆದರಿಕೆಯಾಯಿತು. ಯಜಮಾನರು ಹಿಂದಿನ ಸಂಜೆ ತಮ್ಮ ಹೆಂಡತಿಯೊಡನೆ ಅದೇ ಸಿನಿಮಾಕ್ಕೆ ಬಂದಿದ್ದರು. ಅವರ ಬಿಕ್ಕಳಿಕೆ ಮಂದಿರದ ಮೂಲೆಮೂಲೆಗೂ ಕೇಳಿಸಿತ್ತು.

"ಬಾರಯ್ಯ," ಎಂದು ಅವನ ಹೆಗಲ ಮೇಲೆ ಕೈ ಹಾಕಿ, ಗಾಜು ಉಜ್ಜುವ ಯಂತ್ರದ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಒಂದು ಗಾಜು ಉಜ್ಜಿದರೆ ಇನ್ನೊಂದನ್ನು ಒಡೆಯುವ ಮುದಿ ಯಂತ್ರ ಅದು. ಅದನ್ನು ಬದಲಾಯಿಸಿ ಎಂದು ಅವನು ಅಂಗಲಾಚಿ ಅಂಗಲಾಚಿ, ಕೊನೆಗೂ ಯಜಮಾನರು ಒಪ್ಪಿ, ಹೊಸದು ಇನ್ನೇನು ಬರುವುದರಲ್ಲಿತ್ತು.

"ನಿಂಗೆ ಇಂಥ ಮನಸ್ಸಿದೆ ಅಂತ ನಂಗೆ ಗೊತ್ತಿರಲಿಲ್ಲ ಕಣಯ್ಯ. ಇಷ್ಟು ವರ್ಷ ಜೊತೇಲಿ ದುಡಿದ ಯಂತ್ರನ ಗುಜರಿಗೆ ಹಾಕಿದ್ರೆ ನೀನು ತಡ್ಕೋತೀಯಾ? ಹೊಸದು ಬೇಡ ಅಂತ ಹೇಳಿ ಕಳಿಸಿದೀನಿ. ನಿನಗೋಸ್ಕರ."

ಕಂಬನಿಗೆ ಆಗ ನಿಜಕ್ಕೂ ಅಳಬೇಕೆನ್ನಿಸಿತು. ಆದರೆ ಅವನ ಮುಖಕ್ಕೆ ಆ ಅಭ್ಯಾಸವಿರಲಿಲ್ಲ. ಫ್ಯಾನನ್ನು ಯಂತ್ರದ ಪಕ್ಕದಲ್ಲಿಟ್ಟು ಕೆಲಸಕ್ಕೆ ಕೂತ. ಮಧ್ಯಾಹ್ನದ ಹೊತ್ತಿಗೆ ಎರಡು ಗಾಜು ಒಡೆದವು. ಇದು ಇಲ್ಲಿಗೇ ನಿಲ್ಲಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಹೆಂಡತಿಗೆ ಫೋನ್ ಮಾಡಿದ.

ಅವಳೇ ಮೊದಲು ಶುರುಮಾಡಿದಳು. "ಸಂಜೆ ಮತ್ತೆ ಸಿನಿಮಾಕ್ಕೆ ಹೋಗ್ತಿದೀವಿ ರೀ. ಅಮ್ಮ, ಹೊಲಿಗೆಯಕ್ಕ, ಮೇಷ್ಟ್ರು, ಎಲ್ರೂ ಬರ್ತಾರೆ. ನಿಮ್ಮ ಸಾಲಲ್ಲೇ ಕೂರಬೇಕಂತೆ ಅವರಿಗೆ."

"ಲೇ, ಸ್ವಲ್ಪ ಕೇಳು. ನಿನ್ನೆ ಆಗಿದ್ದು ಏನಂದ್ರೆ, ಅತ್ತೆ..."

"ಗೊತ್ತು ರೀ. ಅತ್ತೆ ಅತ್ತೆ ಅಂತ ಎಷ್ಟು ಸಲ ಹೇಳ್ತೀರಾ? ಅದರಲ್ಲಿ ನಾಚಿಕೆ ಏನು?" ಆಮೇಲೆ ಅವಳ ದನಿ ಇಳಿಯಿತು. "ಅಪ್ಪ ಹೋದಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅವತ್ತಿಂದ ನನ್ನ ಮನಸ್ಸಲ್ಲಿ ಒಂದು ಮುಳ್ಳಿತ್ತು. ಇವರಿಗೆ ನಮ್ಮ ಮೇಲೆ ಪ್ರೀತಿನೇ ಇಲ್ವೇನೋ ಅಂತ. ನಿನ್ನೆ ಆ ಮುಳ್ಳು ಹೋಯ್ತು."

ಇನ್ನು ಹೆಬ್ಬೆರಳಿನ ಸುದ್ದಿ ಎತ್ತುವುದು ಹೇಗೆ? ಅವನು "ಸರಿ, ಬರ್ತೀನಿ" ಅಂದ. ಅವನಿಗೆ ಊರಿನ ಹೊಗಳಿಕೆ ಬೇಕಿರಲಿಲ್ಲ, ಹೊಸ ಯಂತ್ರ ಹೋದರೆ ಹೋಗಲಿ. ಹೆಂಡತಿಯ ಆ ಮುಳ್ಳು ಮಾತ್ರ ಮತ್ತೆ ನೆಡಬಾರದು. ಅಂದರೆ ಸಂಜೆ ಅಳಲೇಬೇಕು. ಅಭ್ಯಾಸ ಮಾಡೋಣವೆಂದು ಗಿರಾಕಿಗಳಿಗೆಂದು ಇಟ್ಟ ಕನ್ನಡಿಯ ಮುಂದೆ ನಿಂತು ತುಟಿ ಸೊಟ್ಟ ಮಾಡಿ ನೋಡಿದ. ಕನ್ನಡಕ ಕೊಳ್ಳಲು ಬಂದಿದ್ದ ಒಬ್ಬರು, "ಹಲ್ಲು ನೋವಾ?" ಎಂದು ಕೇಳಿದರು.

ಔಷಧದ ಅಂಗಡಿಯಲ್ಲಿ ತಲೆನೋವಿನ ಮುಲಾಮು ಕೊಂಡ. ಕರವಸ್ತ್ರದ ಒಂದು ತುದಿಗೆ ಧಾರಾಳವಾಗಿ ಸವರಿ, ಮಡಿಸಿ, ಜೇಬಲ್ಲಿಟ್ಟುಕೊಂಡ.

ಸಂಜೆ ಅವನನ್ನು ನಡುವೆ ಕೂರಿಸಿದರು. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅತ್ತೆ. ಅವರ ಆಚೆಗೆ ಹೊಲಿಗೆಯಕ್ಕ, ಮೇಷ್ಟರು. ಹಿಂದಿನ ಸಾಲಲ್ಲಿ, ಇವತ್ತೂ ಬಂದಿದ್ದ ಯಜಮಾನರು ಮತ್ತವರ ಹೆಂಡತಿ. ಕಂಬ ಎರಡು ಕಾಲನ್ನೂ ಕುರ್ಚಿಯ ಕೆಳಗೆ ಎಳೆದುಕೊಂಡು ಭದ್ರ ಮಾಡಿದ. ಕಾಲು ಕ್ಷೇಮವಾಗಿದ್ದುದರಿಂದ ಕಣ್ಣು ಪರದೆಯ ಮೇಲೆ ಹೋಯಿತು. ಈ ಸಿನಿಮಾವನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು.

ಮಗು 'ಮಳೆ' ಅನ್ನುವ ಮಾತನ್ನು ಅಳಿಸಿತು. 'ಚೆಂಡು' ಅಳಿಸಿತು. ತನ್ನ ಹೆಸರನ್ನೂ ಅಳಿಸಿತು. ಕಂಬನಿಗೆ ಮಾವನ ಕೊನೆಯ ದಿನಗಳು ಕಣ್ಣೆದುರಿಗೆ ಬಂದು ನಿಂತವು. ಅವರಿಗೂ ಹೀಗೇ ಎಲ್ಲ ಮರೆತುಹೋಗಿತ್ತು. ಮಗಳ ಹೆಸರು ಮರೆತಿತ್ತು, ಅತ್ತೆಯನ್ನು ಯಾರೋ ನೆರೆಯವರೆಂದುಕೊಂಡಿದ್ದರು. ಆದರೆ ಇವನು ಹತ್ತಿರ ಹೋದರೆ ಸಾಕು, "ಕಂಬ, ಬಾ, ಒಂಚೂರು ಒರಗಿಕೊಳ್ತೀನಿ," ಅನ್ನುತ್ತಿದ್ದರು. ಒರಗಿದವರು ಬಿದ್ದುಹೋಗದಿರಲಿ ಎಂದು ಇವನು ಆ ದಿನಗಳಲ್ಲಿ ಗಟ್ಟಿಯಾಗಿ ನಿಂತ, ಆಮೇಲೆ ಮೆತ್ತಗಾಗುವುದನ್ನೇ ಮರೆತ.

ಪರದೆಯ ಮೇಲೆ ಮಗು ಮುದುಕಿಯ ಮುಖ ನೋಡಿ, ಉಳಿದ ಒಂದೇ ಮಾತನ್ನು ಆಡಿತು. ಕಂಬನ ಎದೆಯಲ್ಲಿ ಏನೋ ಕಳಚಿಬಿತ್ತು. ಅವನು ಅತ್ತ. ಮಾವನಿಗಾಗಿ ಅತ್ತ, ಅಷ್ಟು ದಿನ ಅಳದೆ ಇದ್ದುದಕ್ಕೂ ಸೇರಿಸಿ ಅತ್ತ. ಮೂಗು ಸೋರಿತು, ಹೆಗಲು ಕುಣಿಯಿತು. ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡ.

ಮುಲಾಮಿನ ನೆನಪಾಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. "ಅಯ್ಯಯ್ಯೋ" ಎಂದು ಅವನು ಎದ್ದು ಕುಣಿದ. ಘಾಟು ಸಾಲಿನುದ್ದಕ್ಕೂ ಹಬ್ಬಿತು. ಮೇಷ್ಟರು ಸೀನಿದರು. ಹೊಲಿಗೆಯಕ್ಕ ಸೆರಗಲ್ಲಿ ಮೂಗು ಮುಚ್ಚಿಕೊಂಡಳು. ದೀಪ ಹತ್ತಿದಾಗ ಅತ್ತೆ ಗಾಳಿಯನ್ನು ಮೂಸಿ, "ಇದೇನು, ತಲೆನೋವಿನ ಮುಲಾಮಿನ ವಾಸನೆ?" ಅಂದರು.

ಹೆಂಡತಿ ಕರವಸ್ತ್ರ ಕಿತ್ತುಕೊಂಡು ಮೂಸಿ ನೋಡಿದಳು.

"ನಾಟಕ ಆಡಿದ್ರಾ?"

"ಇಲ್ಲ ಕಣೇ. ದೇವರಾಣೆ, ಇವತ್ತು ನಿಜವಾಗ್ಲೂ ಅತ್ತೆ."

"ಇವತ್ತು ನಿಜವಾಗ್ಲೂ ಅಂದ್ರೆ? ನಿನ್ನೆ?"

ಕಣ್ಣು ಉರಿಯುವಾಗ ಸುಳ್ಳು ಹೊಳೆಯುವುದಿಲ್ಲ. "ನಿನ್ನೆ... ಅತ್ತೆ," ಎಂದು ಅವನು ಅತ್ತೆಯ ಚಪ್ಪಲಿಯನ್ನೂ ತನ್ನ ಹೆಬ್ಬೆರಳನ್ನೂ ತೋರಿಸಿದ.

ಈ ಸಲ ಮಾತು ಎಲ್ಲರಿಗೂ ಸರಿಯಾಗಿ ಅರ್ಥವಾಯಿತು.

"ನನ್ನ ತೂಕಕ್ಕೆ ಅತ್ತದ್ದಾ ಅಳಿಯಂದಿರು?" ಎಂದು ಅತ್ತೆ ಸೆರಗು ಬಿಗಿದು ಹೊರಟೇಬಿಟ್ಟರು. ಮೇಷ್ಟರು ತಮ್ಮ ಫ್ಯಾನು ಎಲ್ಲಿದೆ ಎಂದು ಕೇಳಿ, ಅದನ್ನು ನಾಳೆಯೇ ಮರಳಿ ತಂದುಕೊಡಬೇಕೆಂದರು. ಹೆಂಡತಿ ಹಿಂದಿನ ಸಾಲಿನ ಕಡೆ ತಿರುಗಿದಳು. ಅಲ್ಲಿ ಯಜಮಾನರು ಇನ್ನೂ ಅಳುತ್ತಿದ್ದರು. ಬಿಕ್ಕಿ ಬಿಕ್ಕಿ, ಮೈಯೆಲ್ಲ ಅದುರುತ್ತಾ. ಅವರ ಹೆಂಡತಿ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದರು.

"ನೋಡಿ ಅವರನ್ನ," ಅಂದಳು. "ದೀಪ ಹಾಕಿದ್ರೂ ನಿಂತಿಲ್ಲ. ಮನಸ್ಸು ಅಂದ್ರೆ ಅದು. ಅವರ ಕೈಕೆಳಗೆ ಇಷ್ಟು ವರ್ಷ ಇದ್ದು ಇಷ್ಟನ್ನೂ ಕಲೀಲಿಲ್ಲ ನೀವು." ಅವಳ ಕಣ್ಣಲ್ಲಿ ಆ ಹಳೇ ಮುಳ್ಳು ಮತ್ತೆ ಕಾಣಿಸಿತು. ಅಮ್ಮನ ಹಿಂದೆ ಅವಳೂ ಹೊರಟಳು.

ಕಂಬ ಅಲ್ಲೇ ನಿಂತ. ಯಜಮಾನರು ತಮ್ಮ ಹೆಂಡತಿಯನ್ನು ಮುಂದೆ ಕಳಿಸಿ, ಅತ್ತಿತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಮುಲಾಮು ಹಾಕ್ತಾರೇನಯ್ಯ, ದಡ್ಡ? ಎದುರು ಬೀದಿವರೆಗೂ ವಾಸನೆ ಹೊಡೆಯುತ್ತೆ." ಜೇಬಿನಿಂದ ಪುಟ್ಟ ಡಬ್ಬಿಯೊಂದನ್ನು ತುದಿ ಮಾತ್ರ ಕಾಣುವಷ್ಟು ಎತ್ತಿದರು. "ನಶ್ಯ. ಒಂದೇ ಚಿಟಿಕೆ, ಕತ್ತಲಲ್ಲಿ. ಸೀನು ಬಂದ್ರೆ ಒಳಗೇ ತಡೀಬೇಕು, ನೋಡಿದವರಿಗೆ ಬಿಕ್ಕಿದ ಹಾಗೇ ಇರುತ್ತೆ. ಮದುವೆಯಾದಾಗಿಂದ ನಮ್ಮನೇಲಿ ಒಂದು ಜಗಳ ಇಲ್ಲ."

ಬಾಗಿಲ ಹತ್ತಿರದಿಂದ ಹೆಂಡತಿಯ ದನಿ ಕೇಳಿಸಿತು. "ಬರ್ತೀರೋ, ಇಲ್ಲಾ ಅಲ್ಲೇ ನಿಂತಿರ್ತೀರೋ? ಯಜಮಾನರನ್ನ ನೋಡಿಯಾದ್ರೂ ಕಲೀರಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ."

ಕಂಬ ಬಾತ ಕಣ್ಣುಗಳನ್ನು ಅಂಗಿಯ ತೋಳಿಂದ ಒರೆಸಿಕೊಂಡ.

"ಕಲೀತಾ ಇದೀನಿ ಕಣೇ," ಅಂದ.