ಕಾರಣದ ಕಾಲಂ

ಎಲ್ಲಕ್ಕೂ ಮೂಲ ಆ ಕಂದು ಕಾಗದದ ಬೈಂಡು. ಮೂರನೇ ತರಗತಿಯ ಟೀಚರಿಗೆ ಎರಡನೇ ಹೆರಿಗೆಯಾದಾಗಿನಿಂದ ಕೆಮ್ಮಿದರೂ ನಕ್ಕರೂ ಮೂತ್ರ ಸೋರುತ್ತಿತ್ತು. ಗಂಡನಿಗೂ ಹೇಳದೆ ಆರು ವರ್ಷ ನಗುವುದನ್ನೇ ಬಿಟ್ಟಿದ್ದಳು. ಶಾಲೆಯಲ್ಲಿ ಅವಳಿಗೆ 'ಗಂಟುಮುಖ' ಎಂಬ ಹೆಸರು ಬಿದ್ದಿತ್ತು. ಹೆಂಗಸರ ಸೊಂಟದ ತಳದ ಸ್ನಾಯುಗಳು ಸಡಿಲವಾಗುವುದರ ಬಗ್ಗೆ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿದೆಯೆಂದು ತಿಳಿದು, ಕದ್ದುಮುಚ್ಚಿ ಹೋಗಿ ಸೇರಿಕೊಂಡಳು. ನರ್ಸ್ ಒಂದು ನೋಟ್‌ಬುಕ್ ಕೊಟ್ಟು, ಸೋರಿದಾಗಲೆಲ್ಲ ತಪ್ಪದೆ ಬರೆಯಬೇಕು ಎಂದಳು: ಸಮಯ, ಕಾರಣ, ಪ್ರಮಾಣ.

ಯಾರಿಗೂ ಅನುಮಾನ ಬರದಿರಲೆಂದು ಟೀಚರು ಅದಕ್ಕೆ ಪಾಠಯೋಜನೆ ಪುಸ್ತಕದಂತೆಯೇ ಬೈಂಡು ಹಾಕಿದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಸೋಮವಾರ ಬೆಳಿಗ್ಗೆ ಪಾಠಯೋಜನೆಯನ್ನು ಹೆಡ್‌ಮೇಡಂ ಸಹಿಗೆ ಕೊಟ್ಟು ಬಂದಳು. ಎರಡನೇ ಪಿರಿಯಡ್‌ನಲ್ಲಿ ಬ್ಯಾಗ್ ತೆರೆದರೆ ಪಾಠಯೋಜನೆ ಅಲ್ಲೇ ಕೂತಿತ್ತು.

ಸಹಿಗೆ ಹೋಗಿದ್ದು ಆಸ್ಪತ್ರೆಯ ನೋಟ್‌ಬುಕ್. ಗುರುವಾರ, ಮಗ್ಗಿ ಹೇಳಿಸುವಾಗ ಸೀನು, ಎರಡು ಚಮಚ. ಶುಕ್ರವಾರ, ಪ್ರಾರ್ಥನೆಯಲ್ಲಿ ಕೆಮ್ಮು, ಒಂದು ಚಮಚ. ಅದನ್ನೆಲ್ಲ ಹೆಡ್‌ಮೇಡಂ ಓದುತ್ತಿರುವುದನ್ನು ನೆನೆದು ನಾಚಿಕೆಯಿಂದ ಹಿಡಿಯಾದಳು.

ಊಟದ ಬಿಡುವಿನಲ್ಲಿ ಹೆಡ್‌ಮೇಡಂ ಕೋಣೆಯಿಂದ ಕರೆ ಬಂತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಟೀಚರು ಹೆಗಲು ಮುಟ್ಟಿಕೊಂಡಳು.

"ಮೇಡಂ, ಅದು ಪಾಠದ್ದಲ್ಲ. ಕೆಮ್ಮಿದ್ರೆ, ನಕ್ರೆ ನನಗೆ ಮೂತ್ರ ಸೋರುತ್ತೆ. ಆಸ್ಪತ್ರೆಯವರು ಬರೆಯೋಕೆ ಹೇಳಿದ್ದಾರೆ."

ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖವೂ ಕೆಂಪಾಗಿತ್ತು.

"ನಾನು ಓದಿರ್ಲಿಲ್ಲ ಟೀಚರ್. ಯಾರದ್ದನ್ನೂ ಓದಲ್ಲ, ಸಹಿ ಹಾಕ್ತೀನಿ ಅಷ್ಟೆ. ನಿಮ್ಮದರಲ್ಲಿ ಕಾಲಂ ಎಲ್ಲ ಅಚ್ಚುಕಟ್ಟಾಗಿತ್ತು, ಹೊಗಳೋಣ ಅಂತ ಕರೆದೆ. ಎಲ್ಲರೂ ಇದೇ ಥರ ಬರೀಲಿ ಅಂತ ಸ್ಟಾಫ್‌ರೂಮಿಗೂ ಕಳಿಸ್ಬಿಟ್ಟೆ."

ಟೀಚರು ಎದ್ದುಬಿದ್ದು ಓಡಿದಳು. ಸ್ಟಾಫ್‌ರೂಮಿನಲ್ಲಿ ನಾಲ್ವರು ತಲೆ ತಗ್ಗಿಸಿ ಬರೆಯುತ್ತಿದ್ದರು. ಒಬ್ಬರ ಪಾಠಯೋಜನೆಯನ್ನು ಉಳಿದವರು ಇಳಿಸಿಕೊಳ್ಳುವುದು ಆ ಶಾಲೆಯ ಹಳೆಯ ಪದ್ಧತಿ. ಓದಿ ಇಳಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಗಣಿತದ ಮೇಷ್ಟ್ರು ಗುರುವಾರದ ಸೀನನ್ನು ಆಗಲೇ ದುಂಡು ಅಕ್ಷರದಲ್ಲಿ ಬರೆದು, 'ಎರಡು ಚಮಚ'ದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು.

ಆರು ವರ್ಷ ತಡೆದಿದ್ದ ನಗು ಒಮ್ಮೆಲೇ ನುಗ್ಗಿತು. ಅದರ ಜೊತೆಗೆ ಬರಬೇಕಾದದ್ದೂ ಬಂತು. ಟೀಚರು ಬ್ಯಾಗನ್ನು ಹಿಂದಕ್ಕೆ ಅಡ್ಡ ಹಿಡಿದು, ಬರೆಯಲೆಂದು ಪುಸ್ತಕಕ್ಕೆ ಕೈ ಚಾಚಿದಳು.

ಮೇಷ್ಟ್ರು ತಲೆ ಎತ್ತಲಿಲ್ಲ. "ಸ್ವಲ್ಪ ಇರಿ ಟೀಚರ್, ಇನ್ನೊಂದೇ ಪುಟ."