ರುದ್ರಪ್ಪನ ಹಾಜರಿ

ಪ್ರಾಮಾಣಿಕ ಮನುಷ್ಯನಿಗೆ ದೆವ್ವದ ಭಯ ಕಡಿಮೆಯಂತೆ. ಅದನ್ನು ಪರೀಕ್ಷಿಸಿ ನೋಡುವ ಅವಕಾಶ ನನಗೆ ಸಿಗಲಿಲ್ಲ. ಏಕೆಂದರೆ ದೆವ್ವ ಎದುರಾಗುವ ಹೊತ್ತಿಗೆ ನಾನು ಒಂಬತ್ತು ವರ್ಷಗಳಿಂದ ಕಳ್ಳಸಹಿ ಹಾಕುತ್ತಿದ್ದೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ತುಮಕೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತ, ಪಕ್ಕದ ಮೇಜಿಗೆ ಗುಬ್ಬಿಯ ರುದ್ರಪ್ಪ. ಅವನು ದಿನಾ ರೈಲಿನಲ್ಲಿ ಬರುತ್ತಿದ್ದ, ರೈಲು ತನಗೆ ಮನಸ್ಸಾದಾಗ ಬರುತ್ತಿತ್ತು. ಹಾಜರಿ ಪುಸ್ತಕವೋ ಹತ್ತೂಕಾಲಕ್ಕೆ ಸರಿಯಾಗಿ ಪ್ರಿನ್ಸಿಪಾಲರ ಕೋಣೆ ಸೇರಿಬಿಡುತ್ತಿತ್ತು. ಹಾಗಾಗಿ ನಾನು ಹತ್ತಕ್ಕೆ ಬಂದವನೇ ಮೊದಲು ಅವನ ಸಹಿ, ಆಮೇಲೆ ನನ್ನ ಸಹಿ ಹಾಕುತ್ತಿದ್ದೆ. ಅವನದು ಮೊದಲೇಕೆಂದರೆ ಅದು ಕಷ್ಟದ ಸಹಿ. ಕೊನೆಯಲ್ಲೊಂದು ಉದ್ದನೆಯ ಬಾಲ ಹಿಂದಕ್ಕೆ ಹೊರಳಿ, ಹೆಸರಿನ ಕೆಳಗೇ ಹಾದು ಬಂದು, ಎರಡು ಚುಕ್ಕಿಗಳ ಹತ್ತಿರ ನಿಲ್ಲಬೇಕು. ಯಾರಾದರೂ ಒಳಗೆ ಬರುವ ಮೊದಲೇ ಅದು ಮುಗಿಯಬೇಕು. ಹನ್ನೊಂದಕ್ಕೆ ಬೆವರೊರೆಸಿಕೊಳ್ಳುತ್ತ ಬರುವ ರುದ್ರಪ್ಪ, ಪ್ರಿನ್ಸಿಪಾಲರ ಕೋಣೆಯಿಂದ ಪುಸ್ತಕ ವಾಪಸು ಬಂದಾಗ ಇಣುಕಿ, "ನಂಗಿಂತ ಚೆನ್ನಾಗ್ ಹಾಕ್ತೀಯ ಕಣ್ಲಾ ಶ್ರೀಕಂಠ" ಎಂದು ಕಾಗದದ ಪೊಟ್ಟಣದಿಂದ ಒಂದು ಕೋಡುಬಳೆ ಕೊಡುತ್ತಿದ್ದ.

ಆ ವರ್ಷ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಪ್ರತಿ ಕಾಲೇಜಿನಿಂದ ಒಬ್ಬ ಗುಮಾಸ್ತನಿಗೆ ಬೆಂಗಳೂರಿನಲ್ಲಿ ತರಬೇತಿ. ತರಬೇತಿ ಮುಗಿಸಿದವನಿಗೇ ಮುಂದಿನ ಬಡ್ತಿ. ಷರತ್ತು ಒಂದೇ, ತರಬೇತಿಗೆ ಮುಂಚಿನ ಆರು ತಿಂಗಳಲ್ಲಿ ಒಂದು ದಿನವೂ ಗೈರುಹಾಜರಿ ಇರಬಾರದು. ನಾನೂ ಅರ್ಜಿ ಹಾಕಿದೆ, ರುದ್ರಪ್ಪನೂ ಹಾಕಿದ. ಅವನ ಹಾಜರಿ ನನ್ನದರಷ್ಟೇ ಶುಭ್ರವಾಗಿತ್ತು; ಇರದೇನು, ಎರಡನ್ನೂ ಸಾಕಿದವನು ನಾನೇ. "ನೀನ್ ಟ್ರೈನಿಂಗ್‌ಗೆ ಹೋಗ್ಬುಟ್ರೆ ನನ್ ಸಹಿ ಯಾರ್ಲಾ ಹಾಕೋರು?" ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದ ನನಗೆ ಆ ಬಡ್ತಿ ಬೇಕೇ ಬೇಕಾಗಿತ್ತು.

ಅದೇ ತಿಂಗಳು ರುದ್ರಪ್ಪ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡ. ಗುಬ್ಬಿಗೆ ಹೋಗಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ, ತರಬೇತಿಗೆ ಇನ್ನು ನಾನೊಬ್ಬನೇ ಎಂಬ ಯೋಚನೆ ತಲೆಯಲ್ಲಿ ಸುಳಿಯುತ್ತಿತ್ತು. ಥೂ, ನಾನೂ ಒಬ್ಬ ಸ್ನೇಹಿತನೇ ಎಂದು ಬೈದುಕೊಂಡೆ. ಆದರೂ ಸುಳಿಯುತ್ತಿತ್ತು.

ವಿಶ್ವವಿದ್ಯಾಲಯದ ಆದೇಶ ಬರದೆ ಹಾಜರಿ ಪುಸ್ತಕದಿಂದ ಯಾರ ಹೆಸರನ್ನೂ ತೆಗೆಯುವಂತಿರಲಿಲ್ಲ. ರುದ್ರಪ್ಪನ ಹೆಸರು ನನ್ನ ಹೆಸರಿನ ಮೇಲೆ ಹಾಗೇ ಉಳಿಯಿತು. ಮಾರನೆಯ ದಿನ ಹತ್ತೂಕಾಲಕ್ಕೆ ಪುಸ್ತಕ ತೆರೆದ ಸೂಪರಿಂಟೆಂಡೆಂಟ್ ಮರುಳಪ್ಪನವರು "ಶಿವಶಿವಾ!" ಎಂದು ಕಿರುಚಿದರು. ಎಲ್ಲರೂ ಓಡಿಹೋಗಿ ನೋಡಿದೆವು. ರುದ್ರಪ್ಪನ ಹೆಸರಿನ ಮುಂದೆ ರುದ್ರಪ್ಪನ ಸಹಿ. ಬಾಲ, ಎರಡು ಚುಕ್ಕಿ, ಎಲ್ಲ ಇತ್ತು. ಶಾಯಿ ಇನ್ನೂ ಆರಿರಲಿಲ್ಲ.

ಆ ಸಹಿಯನ್ನು ಹಾಕಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ನಾನು, ನಾನಂತೂ ಹಾಕಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಮರುದಿನವೂ ಸಹಿ ಬಿತ್ತು, ಅದರ ಮರುದಿನವೂ ಬಿತ್ತು. ಬದುಕಿದ್ದಾಗ ಒಂದು ದಿನವೂ ಹತ್ತಕ್ಕೆ ಬಾರದವನು ಸತ್ತ ಮೇಲೆ ಎಷ್ಟು ಶಿಸ್ತು ಕಲಿತನಪ್ಪ ಎನಿಸಿತು. ಹನ್ನೊಂದರ ಸುಮಾರಿಗೆ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿದರೆ, ಟೈಪ್‌ರೈಟರಿನ ಸದ್ದು ನಿಂತು ಎಲ್ಲರ ತಲೆಯೂ ಬಾಗಿಲ ಕಡೆ ತಿರುಗುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಮರುಳಪ್ಪನವರು ನಿಯಮಾವಳಿಯ ಪುಸ್ತಕವನ್ನೆಲ್ಲ ಜಾಲಾಡಿ, "ಸತ್ತೋರು ಸಹಿ ಹಾಕ್‌ಬಾರ್ದು ಅಂತ ಎಲ್ಲೂ ಇಲ್ವಲ್ರೀ" ಎಂದು ಕೈಚೆಲ್ಲಿದರು. ಆಮೇಲಿಂದ ಅವರು ಪುಸ್ತಕ ತೆರೆದು, ಆ ಬಾಲ ಕಂಡೊಡನೆ ಕಣ್ಣುಮುಚ್ಚಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ಬೇರೆ ಯಾರ ಸಾಲನ್ನು ನೋಡುವ ಧೈರ್ಯವೂ ಅವರಿಗಿರಲಿಲ್ಲ.

ಅಟೆಂಡರ್ ಪುಟ್ಟಮ್ಮ ಹಾಗಲವಾಡಿ ಕಡೆಯವಳು, ಗಟ್ಟಿ ಹೆಂಗಸು. ಪುಸ್ತಕದ ಮೇಲೆ ಕುಂಕುಮ ಬಳಿದ ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣು ಪಕ್ಕಕ್ಕೆ ಸರಿದಿರುತ್ತಿತ್ತು, ಸಹಿ ಬಿದ್ದಿರುತ್ತಿತ್ತು. ತಿಂಗಳ ಕೊನೆಯ ದಿನ ಅವಳು, "ಇವತ್ತು ನಾನೇ ಕಾಯ್ತೀನಿ ಬುಡಿ" ಎಂದು ಬೆಳಿಗ್ಗೆಯೇ ಪುಸ್ತಕದ ಎದುರಿಗೆ ಕೂತಳು. ನಾನು ಹತ್ತಕ್ಕೆ ಬಂದೆ. ಸಹಿ ಹಾಕಿ, ಮೆಲ್ಲಗೆ ಕೇಳಿದೆ, "ಬಂದ್ನಾ ಪುಟ್ಟಮ್ಮ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಾ, ನಂಗೆ ಓದಕ್ಕೆ ಬರಾಕಿಲ್ಲ. ಆದ್ರೆ ಆ ಎರಡು ಚುಕ್ಕಿ ಇಕ್ಕಿದ್ದು ಈಗ ನೀವೇ ಅಲ್ವಾ?"

ಬಗ್ಗಿ ನೋಡಿದೆ. ನಿಂಬೆಹಣ್ಣು ನನ್ನ ಎಡಗೈಯಲ್ಲಿತ್ತು. ರುದ್ರಪ್ಪ ಹಾಜರಾಗಿದ್ದ. ಕೆಳಗೆ ನನ್ನ ಸಾಲು ಅವನು ಸತ್ತ ಮಾರನೆಯ ದಿನದಿಂದ ಆವತ್ತಿನವರೆಗೆ ಖಾಲಿ. ಇನ್ನು ಒಂದೇ ಸಹಿ ಸಾಕು ಎಂದು ಮನಸ್ಸು ಹೇಳಿದ್ದಿರಬೇಕು. ಕೈ ತನ್ನ ರೂಢಿಯಂತೆ ಮೊದಲನೆಯದಾದ ಅವನ ಸಹಿಯನ್ನೇ ಹಾಕಿ ಸುಮ್ಮನಾಗಿತ್ತು. ಗುಬ್ಬಿಯಲ್ಲಿ ಬಾರದ ಅಳು ಆಗ ಬಂತು. ಅವನಿಲ್ಲ ಎಂದು ನನ್ನ ಕೈಗೆ ಯಾರೂ ತಿಳಿಸಿರಲಿಲ್ಲ. ಪುಟ್ಟಮ್ಮ, "ನಾನೇನೂ ನೋಡ್ನಿಲ್ಲ ಸಾ" ಎಂದು ಎದ್ದು ಹೋದಳು.

ಆದರೆ ತಿಂಗಳ ಕೊನೆ. ಮರುಳಪ್ಪನವರು ಉಸಿರು ಬಿಗಿಹಿಡಿದು ಪುಟವನ್ನು ಪೂರ್ತಿ ನೋಡಲೇಬೇಕಾಯಿತು. "ಏನ್ರೀ ಶ್ರೀಕಂಠಯ್ಯ, ನೀವು ಇಷ್ಟ್ ದಿನ ಬಂದೇ ಇಲ್ಲ!"

"ದಿನಾ ನಿಮ್ಮ ಎದುರಿಗೇ ಕೂತಿದ್ನಲ್ಲ ಸಾರ್!"

"ನೀವ್ ಬಂದಿದ್ದು ನಂಗೊತ್ತು ಕಣ್ರೀ. ರಿಜಿಸ್ಟರ್‌ಗೆ ಗೊತ್ತಿಲ್ವಲ್ಲ."

ಬಂದಿದ್ದೆ ಎಂದು ಸಾಧಿಸಬೇಕಾದರೆ ಒಂಬತ್ತು ವರ್ಷದ ಕಥೆ ಬಿಚ್ಚಬೇಕು. ಕೆಲಸವೂ ಹೋಗುತ್ತದೆ, ಮಣ್ಣಾದವನ ಮಾನವೂ ಹೋಗುತ್ತದೆ. ತರಬೇತಿ ಹಾಳಾಗಲಿ ಎಂದು, ಅಷ್ಟೂ ದಿನ ಬಂದಿರಲಿಲ್ಲವೆಂದು ಒಪ್ಪಿ ರಜೆ ಅರ್ಜಿ ಬರೆದೆ. ಕೈಯನ್ನು ಕಣ್ಣಿಟ್ಟು ಕಾಯುತ್ತ, ಒಂದೊಂದೇ ಅಕ್ಷರವಾಗಿ ನನ್ನದೇ ಹೆಸರಿನ ಸಹಿ ಹಾಕಿ ಕೊಟ್ಟೆ.

ಮರುಳಪ್ಪನವರು ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದರು. ಪುಸ್ತಕ ನೋಡಿದರು, ಮತ್ತೆ ಅರ್ಜಿ ನೋಡಿದರು. ನಾನೂ ಬಗ್ಗಿ ನೋಡಿದರೆ, ನನ್ನ ಹೆಸರಿನ ಕೊನೆಯಿಂದ ಒಂದು ಉದ್ದನೆಯ ಬಾಲ ಹಿಂದಕ್ಕೆ ಹೊರಳಿ ಎರಡು ಚುಕ್ಕಿಗಳ ಹತ್ತಿರ ನಿಂತಿತ್ತು. ಅವರು ಪುಸ್ತಕದ ಮೇಲಿದ್ದ ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಎತ್ತಿ ತಂದು, ನನ್ನ ಮೇಜಿನ ಮೇಲಿಟ್ಟು ಹೋದರು.